ಚಿಕ್ಕಮ್ಮ ಎಲೆ ಕಿತ್ತ ಸೇಬಿನ ಗಿಡ

ಸೇಬಿನ ಮೊಗ್ಗು ಚಳಿಗಾಲದಲ್ಲಿ ಯಾಕೆ ಮಲಗುತ್ತದೆ, ಯಾವ ವಂಶವಾಹಿಗಳು ಅದನ್ನು ಏಳಗೊಡದೆ ಹಿಡಿದಿಡುತ್ತವೆ ಎಂಬುದರ ಮೇಲೆ ನಾನು ಹಿಮಾಚಲದಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಆಮೇಲೆ ಕುಂದಾಪುರಕ್ಕೆ ಬಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸತೊಡಗಿದೆ. ಸಿದ್ದಾಪುರದಲ್ಲಿರುವ ನನ್ನ ಚಿಕ್ಕಮ್ಮ ನರ್ಸರಿಯಿಂದ ಸೇಬಿನ ಗಿಡವೊಂದನ್ನು ತಂದು ಅಂಗಳದ ಬದಿಗೆ ನೆಟ್ಟಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಸೆಖೆಯ ಊರಿಗೂ ಆಗುವ ತಳಿ ಎಂದು ಕೊಟ್ಟಿದ್ದರಂತೆ.

ನೆಟ್ಟ ಮೂರನೇ ವರ್ಷದ ಡಿಸೆಂಬರಿನಲ್ಲಿ ನಾನು ಹೋದಾಗ ಚಿಕ್ಕಮ್ಮ ಸ್ಟೂಲಿನ ಮೇಲೆ ನಿಂತು, ಆ ಗಿಡದ ಹಸಿರೆಲೆಗಳನ್ನು ಒಂದೊಂದಾಗಿ ಕೀಳುತ್ತಿದ್ದರು.

"ಎಂತ ಮಾಡ್ತಿದ್ರಿ ಚಿಕ್ಕಮ್ಮ? ಗಿಡ ಸತ್ತ್ ಹೋತ್ತ್!" ಎಂದೆ.

"ಸಾಯುದಿಲ್ಲ ಹೆಣೆ. ಮಲ್ಲಿಗಿ ಗಿಡದ್ ಎಲಿ ತೆಗದ್ರೆ ಮೊಗ್ಗ್ ಬತ್ತಿಲ್ಯಾ? ಇದೂ ಹಾಂಗೇ ಆತ್ತಾ ಕಾಂಬ ಅಂದೇಳಿ."

ನೆರೆಮನೆಯ ಇಬ್ಬರು ಹೆಂಗಸರು ಅಲ್ಲೇ ನಿಂತಿದ್ದರು. ಅವರೆದುರೇ ನಾನು, ಸೇಬು ಮಲ್ಲಿಗೆಯಲ್ಲ, ತಿಳಿಯದ ಕೆಲಸಕ್ಕೆ ಕೈ ಹಾಕಬೇಡಿ ಎಂದು ಕ್ಲಾಸಿನ ದನಿಯಲ್ಲಿ ಪಾಠ ಮಾಡಿದೆ. ಚಿಕ್ಕಮ್ಮ ಸ್ಟೂಲಿನಿಂದ ಇಳಿದು, ಕೈಯಲ್ಲಿದ್ದ ಎಲೆಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಆದರೆ ಮರುದಿನ ಉಳಿದ ಎಲೆಗಳನ್ನೂ ಕಿತ್ತರು ಎಂದು ಆಮೇಲೆ ತಿಳಿಯಿತು.

ಕೆಲವು ವಾರ ಕಳೆದು ನನ್ನ ಫೋನಿಗೆ ಅವರು ಕಳಿಸಿದ ಫೋಟೋ ಬಂತು. ಬೋಳು ಕೊಂಬೆಯ ತುಂಬ ತಿಳಿಗುಲಾಬಿ ಅಂಚಿನ ಬಿಳಿ ಹೂಗಳು.

ಹಿಮಾಚಲದಲ್ಲಿ ಬರೆದ ನನ್ನದೇ ಸಂಶೋಧನಾ ಪ್ರಬಂಧವನ್ನು ತೆಗೆದು ನೋಡಿದೆ. ಎರಡನೇ ಅಧ್ಯಾಯದಲ್ಲೇ ಇತ್ತು. ಗಾಢ ನಿದ್ದೆ ಹಿಡಿಸುವ ವಂಶವಾಹಿಗಳು ಚುರುಕಾಗುವ ಮೊದಲು ಮೊಗ್ಗನ್ನು ತಡೆದಿಡುವುದು ಅದರ ಪಕ್ಕದ ಎಲೆ. ಆಗ ಎಲೆ ತೆಗೆದರೆ ಮೊಗ್ಗು ಏಳುತ್ತದೆ. ಚಳಿಯೇ ಇಲ್ಲದ ನಮ್ಮೂರಿನಲ್ಲಿ ಮೊಗ್ಗಿಗೆ ಆ ಗಾಢ ನಿದ್ದೆ ಹಿಡಿಯುವುದೇ ಇಲ್ಲ; ಗಿಡಕ್ಕೆ ಬೇಕಾಗಿದ್ದದ್ದು ಅಷ್ಟೇ. ಬರೆದವಳು ನಾನು, ಮರೆತವಳೂ ನಾನು. ಕೂಡಲೇ ಫೋನ್ ಮಾಡಿ ತಪ್ಪಾಯಿತು ಎನ್ನಬೇಕಿತ್ತು. "ಚಂದ ಇದೆ" ಎಂದಷ್ಟೇ ಬರೆದು ಕಳಿಸಿದೆ.

ಮುಂದಿನ ವರ್ಷ ಬ್ರಹ್ಮಾವರದಲ್ಲಿ ಕೃಷಿಕರ ಸಭೆಯೊಂದಕ್ಕೆ ನನ್ನನ್ನು ಮಾತಾಡಲು ಕರೆದರು. ನೋಡಿ ಖುಷಿಪಡಲಿ ಎಂದು ಚಿಕ್ಕಮ್ಮನನ್ನೂ ಕರೆದುಕೊಂಡು ಹೋದೆ. ಅವರು ಕಳಿಸಿದ ಫೋಟೋವನ್ನೇ ಪರದೆಯ ಮೇಲೆ ತೋರಿಸಿ, "ಎಲೆ ತೆಗೆದು ನೋಡಿದೆವು" ಎಂದೆ. ನಾವು ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ. ಒಬ್ಬರು ಮಾತ್ರ ಎದ್ದು, "ಈ ಉಪಾಯ ನಿಮ್ಗೆ ಹ್ಯಾಂಗ್ ಹೊಳೀತ್ ಮೇಡಂ?" ಎಂದರು.

ಮೂರನೇ ಸಾಲಿನಲ್ಲಿ ಚಿಕ್ಕಮ್ಮ ಕೂತಿದ್ದರು. ಅವರತ್ತ ಕೈ ತೋರಿಸಿದ್ದರೆ ಸಾಕಿತ್ತು.

"ಸಂಶೋಧನೆಯಿಂದ" ಎಂದುಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ಚಿಕ್ಕಮ್ಮನೂ ತಟ್ಟಿದರು.

ಕುಂದಾಪುರದ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಕೋಟ ದಾಟಿದ ಮೇಲೆ ಅವರ ಮುಖ ನೋಡದೆಯೇ ಹೇಳಿದೆ: "ಅದ್ ನೀವ್ ಮಾಡಿದ್ದ್ ಅಂದೇಳಿ ನಾ ಅಲ್ಲೇ ಹೇಳ್ಕಿತ್ತ್ ಚಿಕ್ಕಮ್ಮ."

ಪರವಾಗಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಕಿಟಕಿಯಾಚೆ ನೋಡುತ್ತಲೇ, "ಹೌದ್, ಹೇಳ್ಕಿತ್ತ್" ಎಂದರು. ಆ ‘ಹೇಳಬೇಕಿತ್ತು’ ಎಂಬುದರಲ್ಲಿ ಸಿಟ್ಟಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು.

ಮರುದಿನ ಸಭೆ ನಡೆಸಿದವರಿಗೆ ನಿಜ ಸಂಗತಿ ಬರೆದು ತಿಳಿಸಿದೆ. ಆಗಲಿ ಮೇಡಂ ಎಂದರು. ಅಷ್ಟರಲ್ಲಿ ಭಾಷಣದ ವಿಡಿಯೋ ವಾಟ್ಸಾಪಿನಲ್ಲಿ ಗುಂಪಿನಿಂದ ಗುಂಪಿಗೆ ಹೋಗಿ ಆಗಿತ್ತು. ಬೈಂದೂರಿನ ಕಡೆಯಿಂದಲೂ ಸೇಬು ನೆಟ್ಟವರು ಫೋನ್ ಮಾಡುತ್ತಾರೆ. ಇದನ್ನು ಕಂಡುಕೊಂಡವರು ನನ್ನ ಚಿಕ್ಕಮ್ಮ, ಅವರನ್ನೇ ಕೇಳಿ ಎಂದು ಅವರ ನಂಬರ್ ಕೊಡುತ್ತೇನೆ. ಕೆಲವರು ಕೇಳುತ್ತಾರೆ. ಹೆಚ್ಚಿನವರು, "ಇರ್ಲಿ ಮೇಡಂ, ನೀವೇ ಹೇಳಿ, ನೀವ್ ಓದಿದವ್ರಲ್ದಾ" ಎನ್ನುತ್ತಾರೆ.