ಭಂಡಾರ ಹಚ್ಚಿ ಕೇಳಿದ ಪ್ರಶ್ನೆ

ಗಿರಣಿಯವನು ಅರಿಷಿಣ ಬೀಸಿದ ಕಲ್ಲಿಗೇ ನನ್ನ ಜೋಳ ಹಾಕಿಬಿಟ್ಟಿದ್ದಾನೆ. ಡಬ್ಬಿ ತೆಗೆದರೆ ಹಿಟ್ಟೆಲ್ಲ ಹಳದಿ, ಮೂಗಿಗೆ ಬೀರಪ್ಪನ ಗುಡಿಯ ವಾಸನೆ. ಅವನನ್ನು ಬೈಯಲು ಹೊರಟವಳು ಹೊಸಿಲಲ್ಲೇ ಕೂತು ನಕ್ಕೆ. ನೀವೂ ಕೂಡ್ರಿ, ಯಾಕೆಂದು ಹೇಳುತ್ತೇನೆ.

ನಾನು ಭಾಲ್ಕಿ ಕಡೆಯವಳು. ಗಡಿಯಾಚೆ ಮಹಾರಾಷ್ಟ್ರದ ಕಾಸಾರಶಿರಸಿ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದಾಗ ನನ್ನ ಹರಕು ಮರಾಠಿ ಕೇಳಿ ದೇವಣಿ ತಳಿಯ ಎತ್ತುಗಳೂ ಕಿವಿ ನಿಮಿರಿಸುತ್ತಿದ್ದವು. ಆದರೆ ಬೀರಪ್ಪನ ಕಥೆಗಳು ನನಗೆ ಕನ್ನಡದಲ್ಲಿ ಬರುತ್ತಿದ್ದವು. ಉಣ್ಣೆ ಹಿಂಜುತ್ತ ನನ್ನಜ್ಜಿ ಹೇಳಿದ್ದು. ಮಕ್ಕಳು ಶಾಲೆಯ ಮರಾಠಿಯಲ್ಲಿ ದೇವರ ಹಾಡು ಮರೆಯುತ್ತಿದ್ದಾರೆಂದು ಗುಡಿಯ ಹಿರಿಯ ಮಾಳಪ್ಪ ಮುತ್ಯಾ ಭಾನುವಾರ ಬೆಳಿಗ್ಗೆ ಎರಡು ತಾಸು ಧರ್ಮದ ಪಾಠ ಹೇಳಲು ನನ್ನನ್ನು ಕರೆದರು. ಭಕ್ತಿಯಿಂದ ಒಪ್ಪಿದೆನೆಂದು ಊರು ನಂಬಿತು. ನಿಜವೆಂದರೆ, ಅತ್ತೆಯ ಕಣ್ಣೆದುರು ರೊಟ್ಟಿ ಬಡಿಯುವುದು ತಪ್ಪುತ್ತಿತ್ತು. "ತೆಳ್ಳಗ ಬಡಿ," "ಅಂಚ ಹರೀತ ನೋಡು" ಇಲ್ಲದ ಎರಡು ತಾಸು! ಉಳಿದ ವಾರವನ್ನು ನಾನು ಅದರ ಬಲದಲ್ಲೇ ದೂಡುತ್ತಿದ್ದೆ.

ಕುರಿಗಾರರ ಮಕ್ಕಳಿಗೆ ಬೀರಪ್ಪನ ಕಥೆ ಹೇಳುವುದು ಸುಲಭವಲ್ಲ. ದೇವರು ಕುರಿ ಕಾಯುತ್ತ ನಿದ್ದೆಹೋದ ಎಂದರೆ, "ನಾಯಿ ಎಲ್ಲಿತ್ತ್ರೀ ಕಾಕೂ?" ನಾಯಿಯನ್ನು ತಂದು ನಿಲ್ಲಿಸಿದರೆ, "ಅದರ ಹೆಸರೇನು?" ಅಜ್ಜಿ ಇದನ್ನೆಲ್ಲ ಹೇಳಿರಲಿಲ್ಲ. ಒಂದು ಭಾನುವಾರ ಕಥೆ ಪೂರಾ ಕೈಕೊಟ್ಟಾಗ ಭಂಡಾರದ ಮಾತು ತೆಗೆದೆ. ದೇವರಿಗೆ ಏರಿಸಿದ ಆ ಅರಿಷಿಣ ಹಣೆಗೆ ಹಚ್ಚಿಕೊಂಡವರು ಸುಳ್ಳಾಡಬಾರದು, ಹಿರಿಯರು ಅದನ್ನು ಮುಟ್ಟಿಯೇ ಆಣೆ ಮಾಡುತ್ತಿದ್ದರು ಎಂದೆ. ಮೊದಲ ಸಲ ಯಾರೂ ಪ್ರಶ್ನೆ ಕೇಳಲಿಲ್ಲ. ನಾನು ಹಿಗ್ಗಿದೆ.

ಪ್ರಶ್ನೆಗಳನ್ನು ಅವರು ಊರಿಗಾಗಿ ಉಳಿಸಿಕೊಂಡಿದ್ದರು. ಹಾಲಿನವನ ಹಣೆಗೆ ಭಂಡಾರ ಎಳೆದು, "ನೀರ ಹಾಕ್ತೀರೇನ್ರೀ?" ಎಂದರು, ಅವನು ಕ್ಯಾನಿನ ಸಮೇತ ಸೈಕಲ್ಲು ತಿರುಗಿಸಿದ. ಮುತ್ಯಾನ ಮೊಮ್ಮಗಳು, ಮೂರನೆಯ ತರಗತಿಯ ಭಾಗಿ, ಊಟಕ್ಕೆ ಕೂತ ಮುತ್ಯಾನ ಹಣೆಗೇ ಹಚ್ಚಿದಳು: "ಉಪಾಸ ಇದ್ದಾಗ ಉದಗೀರಕ್ಕ ಹೋಗಿ ಏನ್ ತಿಂದಿ, ಮುತ್ಯಾ?" ಬಡಿಸುತ್ತಿದ್ದ ಹೆಂಡತಿಯ ಸೌಟು ನಡುವೆಯೇ ನಿಂತಿತು. ಮುತ್ಯಾ ನೀರು ಕೇಳಿದರಂತೆ.

ಮರುದಿನವೇ ಹಿರಿಯರು ಸೇರಿದರು. "ಈ ಕ್ಲಾಸ್ ಬಂದ್ ಮಾಡೂನು," ಎಂದರು ಮುತ್ಯಾ. ನನ್ನ ಎರಡು ತಾಸು ಕಣ್ಣೆದುರೇ ಹೋಗುತ್ತಿತ್ತು. ಆದರೆ ಅವರು ಸೇರಿದ್ದು ಗುಡಿಯಲ್ಲಿ. ಬಂದವರಿಗೆಲ್ಲ ಪೂಜಾರಿ ಎಂದಿನಂತೆ ಭಂಡಾರ ಹಚ್ಚಿದ್ದ. ಅದನ್ನು ಗಮನಿಸಿದವಳು ಭಾಗಿ ಒಬ್ಬಳೇ.

"ಯಾಕ ಬಂದ್ ಮಾಡ್ಲತ್ತಿ, ಮುತ್ಯಾ?"

"ಹುಡುಗರು ಕೆಡ್ಲತ್ತಾವ..." ಎನ್ನುತ್ತ ಮುತ್ಯಾ ಹಣೆಯ ಬೆವರು ಒರೆಸಿದರು. ಬೆರಳು ಹಳದಿಯಾಯಿತು. ಗುಡಿಯೆಲ್ಲ ಅವರನ್ನೇ ನೋಡುತ್ತಿತ್ತು. "ಭಜಿ ತಿಂದಿದ್ದ ಖರೇ ಅದವ್ವಾ. ಅದಕ್ಕೇ ಬಂದ್ ಮಾಡ್ಲತ್ತೀನಿ."

ನಗು ನಿಲ್ಲುವ ಮೊದಲೇ ಭಾಗಿ ನನ್ನತ್ತ ತಿರುಗಿದಳು. "ಕಾಕೂ, ನೀವು ದೇವರ ಸಲುವಾಗೇ ಬರ್ತೀರೇನ್ರೀ?"

ನನ್ನ ಹಣೆಯೂ ಬರಿದಾಗಿರಲಿಲ್ಲ. ಕಂಬದ ಬಳಿ ಅತ್ತೆ ಕೂತಿದ್ದರು.

"ರೊಟ್ಟಿ ಬಡಿಯೂದು ತಪ್ತದಂತ ಬರ್ತೀನವ್ವಾ," ಎಂದೆ. ದನಿ ನನಗೇ ಕೇಳಿಸಲಿಲ್ಲ. ಅತ್ತೆಗೆ ಕೇಳಿಸಿತು.

ಅವರು ಸೆರಗು ಸರಿಮಾಡಿಕೊಂಡು ಎದ್ದರು. "ಮಾಳಪ್ಪಣ್ಣಾ, ನನ್ನ ಹಣಿಗೂ ಭಂಡಾರ ಅದ, ಕೇಳು. ಐತವಾರ ಈಕಿ ಇಲ್ಲಂದ್ರ ನನ್ನ ಒಲಿ ನನಗ ಸಿಗ್ತದ. ಬೇಕಾದಾಂಗ ಬಡೀತೀನಿ, ಹಾಡ್ತೀನಿ, ಮೊದಲನೇ ರೊಟ್ಟಿ ತುಪ್ಪ ಹಚ್ಚಿ ನಾನೇ ತಿಂತೀನಿ. ಕ್ಲಾಸ್ ಬಂದ್ ಮಾಡಿದ್ರ ಈಕಿನ್ನ ಐತವಾರ ನಿಮ್ಮನಿಗೇ ಕಳಸ್ತೀನಿ ನೋಡು!"

ಕ್ಲಾಸು ಉಳಿಯಿತು. ಅತ್ತೆ ನನಗಿಂತ ಮುಂದೆ ನಡೆದು ಮನೆ ಸೇರಿದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಉಳದ ದಿನ ಅಂಚ ಹರಿಬ್ಯಾಡ ಮತ್ತ," ಎಂದರಷ್ಟೆ.

ಅಂದು ಅವರು ಆಡಿದ್ದು ಶುದ್ಧ ಸುಳ್ಳು, ಸೊಸೆಯ ಮಾನ ಉಳಿಸಲು ಬೀರಪ್ಪನ ಎದುರೇ ಸುಳ್ಳಾಡಿದರು ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಅವರು ಹೋದ ಮೇಲೂ ಆ ಋಣ ನೆನೆದು ಕೈಮುಗಿಯುತ್ತಿದ್ದೆ.

ಈಗ ಆ ಭಾನುವಾರದ ಪಾಠ ನನ್ನ ಸೊಸೆಗೆ ಬಂದಿದೆ. ಇಂದು ಅವಳ ಮೊದಲ ಭಾನುವಾರ. "ರೊಟ್ಟಿ ಬಡದಿಟ್ಟು ಹೋಗ್ಲೇನ್ರೀ ಅತ್ತಿ?" ಎಂದು ಸಂಕೋಚದಿಂದ ಕೇಳಿದಳು. "ಬ್ಯಾಡವ್ವಾ, ನಡೀ," ಎಂದು ಕಳಿಸಿದೆ. ಅವಳು ಓಣಿ ದಾಟಿದಳು. ಮನೆ ಸದ್ದಿಲ್ಲದಾಯಿತು. ಒಲೆ ಹೊತ್ತಿಸಿದೆ, ಕಾಲು ಚಾಚಿ ಕೂತೆ, ಗೊತ್ತಿಲ್ಲದಂತೆಯೇ ಒಂದು ಹಾಡು ಎತ್ತಿಕೊಂಡೆ. ಹಾಡುತ್ತಲೇ ಡಬ್ಬಿ ತೆಗೆದರೆ ಈ ಹಳದಿ ಹಿಟ್ಟು, ಭಂಡಾರದ ಹಾಗೆ.

ಅಯ್ಯೋ, ನನ್ನತ್ತೆ ಖರೇನೇ ಹೇಳಿದ್ದರು!