ಆಫ್‌ಗಾರು ನಿಲ್ಲಿಸಿದ ಮಾತು

ಯಾವುದೇ ಯಂತ್ರ ಸುಮ್ಮನೆ ಓಡುತ್ತಿದ್ದರೆ ಚಂದ್ರಮೌಳಿಯವರಿಗೆ ಮೈಯೆಲ್ಲ ಉರಿ. ತುಮಕೂರು ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ವಿಜಯವಾಡದ ಬೆಂಜ್ ಸರ್ಕಲ್ ಬಳಿಯ ಶಾಖೆಯಲ್ಲಿ ಖಾಲಿ ಕೋಣೆಗಳ ಫ್ಯಾನು, ದೀಪ ಆರಿಸುತ್ತ ತಿರುಗಿ ತೆಲುಗು ಸಹೋದ್ಯೋಗಿಗಳ ಬಾಯಲ್ಲಿ ‘ಆಫ್‌ಗಾರು’, ಅಂದರೆ ‘ಆಫ್ ಸಾಹೇಬರು’, ಎಂದೇ ಹೆಸರಾಗಿದ್ದರು. ವಿಶಾಖಪಟ್ಟಣದ ಗಾಜುವಾಕಕ್ಕೆ ಮನೆ ಬದಲಾಯಿತು, ಗುಣ ಬದಲಾಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋದೀತೇ?

ಮಗಳು ಧನ್ಯಾಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಪರದೆಯ ಮೇಲಿರುವುದನ್ನು ಕಂಪ್ಯೂಟರ್ ಓದಿ ಹೇಳುತ್ತದೆ, ಅವಳು ಕೇಳಿಕೊಂಡು ಕೆಲಸ ಮಾಡುತ್ತಾಳೆ. ಅಂದು ಅವಳಿಗೆ ಆನ್‌ಲೈನ್ ಪರೀಕ್ಷೆ. ಪಾಸಾದರೆ ಕಾಲೇಜಿನಲ್ಲಿ ಉಪನ್ಯಾಸಕಿ.

“ಅಪ್ಪಾ, ಸ್ವಲ್ಪ ಬನ್ನಿ. ಕಂಪ್ಯೂಟರ್ ಮಾತಾಡ್ತಿಲ್ಲ.”

ಅವರು ಓಡಿಬಂದು ಹೆಡ್‌ಸೆಟ್ಟಿನ ವೈರು ಕಿತ್ತು ಚುಚ್ಚಿದರು, ಕಂಪ್ಯೂಟರನ್ನು ಆರಿಸಿ ಹಚ್ಚಿದರು. ಪರದೆ ಬೆಳಗಿತೇ ಹೊರತು ತುಟಿ ಪಿಟಕ್ಕೆನ್ನಲಿಲ್ಲ. ಪರೀಕ್ಷೆಗೆ ಹೆಚ್ಚು ಹೊತ್ತಿರಲಿಲ್ಲ.

“ಸರ್ವೀಸಸ್ ತೆಗೀರಿ. ಹಿಂದ್ಗಡೆ ಓಡೋ ಕೆಲಸಗಳೆಲ್ಲ ಅಲ್ಲಿರ್ತವೆ. ವಿಂಡೋಸ್ ಆಡಿಯೋ ಅಂತಿದೆಯಲ್ಲ, ಸದ್ದೆಲ್ಲ ಅದರಿಂದ್ಲೇ ಬರೋದು, ಅದರ ಮುಂದೆ ಏನಿದೆ ಓದಿ,” ಎಂದಳು ಧನ್ಯಾ.

“ಡಿಸೇಬಲ್ಡ್” ಎಂದು ಓದುತ್ತಿದ್ದಂತೆ ತಾವು ಮಾಡಿದ್ದು ಅವರಿಗೆ ನೆನಪಾಯಿತು.

‘ಕಂಪ್ಯೂಟರ್ ಯಾಕೋ ನಿಧಾನ’ ಎಂದು ಅವಳು ಹಿಂದಿನ ಸಂಜೆ ಗೊಣಗಿದ್ದಳು. ತಾಯಿ ಮಗಳು ಅಂಗಡಿಗೆ ಹೋದದ್ದೇ ತಡ, ಈ ಮಹಾನುಭಾವರು ಇದೇ ಪಟ್ಟಿ ತೆರೆದು, ಯಾರಿಗೂ ಕಾಣದೆ ಓಡುತ್ತಿದ್ದುದನ್ನೆಲ್ಲ ಒಂದೊಂದಾಗಿ ನಿಲ್ಲಿಸಿದ್ದರು. ಓದುವ ಸಾಫ್ಟ್‌ವೇರ್ ಬೇರೆಯೇ ಇದೆಯಲ್ಲ, ಆಡಿಯೋ ಅಂದರೆ ಹಾಡಿಗೆ, ಇಲ್ಲಿ ಹಾಡು ಕೇಳೋರು ಯಾರು ಎಂದು ಅದನ್ನೂ!

“ಡಿಸೇಬಲ್ಡಾ? ಯಾರಪ್ಪಾ ಮಾಡಿದ್ದು?”

“ನಾನೇ ಕಣಮ್ಮಾ... ನಾನೇ ಆಫ್ ಮಾಡಿದ್ದು.” ಮನೆಹಾಳು ಕೈ ಎಂದು ತಮ್ಮ ಕೈಯನ್ನೇ ನೋಡಿಕೊಂಡರು.

ಧನ್ಯಾ ಬೈಯಲಿಲ್ಲ. “ಆಟೋಮ್ಯಾಟಿಕ್ ಮಾಡಿ. ಆಮೇಲೆ ಸ್ಟಾರ್ಟ್ ಒತ್ತಿ.”

ಅವಸರಕ್ಕೆ ಮೌಸು ಎರಡು ಸಲ ಗುರಿ ತಪ್ಪಿತು. ಕೊನೆಗೆ ಹೆಡ್‌ಸೆಟ್ಟಿನೊಳಗೆ ಸಣ್ಣಗೆ ದನಿ ಹೊರಟಿತು. ಅವಳ ಬಿಗಿದ ಭುಜ ಸಡಿಲವಾಯಿತು.

“ಎದ್ದಾಗಿಂದ ಇಲ್ಲೇ ಕೂತಿದ್ಯಲ್ಲಮ್ಮಾ, ಆಗ್ಲೇ ಯಾಕೆ ಕರೀಲಿಲ್ಲ?”

“ಹೆಡ್‌ಸೆಟ್ ಹಾಕ್ಕೊಂಡೆ, ಏನೂ ಕೇಳಿಸ್ಲಿಲ್ಲ. ನಂಗೆ ಕಿವಿನೂ ಹೋಯ್ತು ಅಂದ್ಕೊಂಡೆ ಅಪ್ಪಾ. ಹೆಡ್‌ಸೆಟ್ ತೆಗೆದು ನೋಡೋಕೂ ಧೈರ್ಯ ಬರ್ಲಿಲ್ಲ. ಅಮ್ಮನ ಕುಕ್ಕರ್ ಕೂಗಿದ್ದು ಕೇಳಿಸ್ತಲ್ಲ, ಆಮೇಲೆ ನಿಮ್ಮನ್ನ ಕರ್ದೆ.”