ದೇಸಾಯರು ತಿದ್ದಿದ ದವಡೆ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಕನ್ನಡದವರು ಬಂದರೆ ನನಗೆ ಖುಷಿಯಾಗುತ್ತಿತ್ತು. ದೇಸಾಯರು ಬರುವ ತನಕ. ಧಾರವಾಡದವರು, ಬ್ಯಾಂಕಿನಿಂದ ವರ್ಗವಾಗಿ ಬಂದು, ನಿವೃತ್ತರಾಗಿ ಇಲ್ಲೇ ಉಳಿದವರು. ಬಾಯಲ್ಲಿ ಒಂದು ಹಲ್ಲೂ ಇಲ್ಲ, ಮಾತಿಗೆ ಮಾತ್ರ ಬಿಡುವಿಲ್ಲ.

ಅವತ್ತು ಅವರ ಮೇಲ್ದವಡೆಯ ಅಚ್ಚನ್ನು ಡೆಂಟಲ್ ಸ್ಟೋನ್ ಎಂಬ ಗಾರೆಯಂಥ ಪುಡಿ ಕಲಸಿ ಎರಕ ಹೊಯ್ದು, ಗಟ್ಟಿಯಾದ ಮೇಲೆ ಮೇಜಿನ ಮೇಲಿಟ್ಟಿದ್ದೆ. ಹಲ್ಲಿನ ಸೆಟ್ಟನ್ನು ಕಟ್ಟುವುದು ಈ ಅಚ್ಚಿನ ಮೇಲೆಯೇ. ಫೋನು ಮುಗಿಸಿ ಒಳಗೆ ಬಂದರೆ, ದೇಸಾಯರು ನೇಲ್ ಕಟರಿನ ಅರದಿಂದ ಅದನ್ನು ಕರಕರ ಉಜ್ಜುತ್ತಿದ್ದಾರೆ!

“ಏನ್ಮಾಡ್ತಿದ್ದೀರಿ ಸಾರ್?”

“ನಡುವ ಒಂದು ಗಂಟು ಉಳದಿತ್ರೀ, ನೀವು ನೋಡೇ ಇಲ್ಲ. ಬ್ಯಾಂಕಿನ್ಯಾಗ ಪೈಸೆ ರೌಂಡ್ ಆಫ್ ಮಾಡ್ತಿದ್ವಲ್ಲ, ಹಂಗ ಇದನ್ನೂ ಮಾಡೀನಿ.”

“ಅದು ನಿಮ್ಮ ಅಂಗುಳದಲ್ಲೇ ಇರೋ ಎಲುಬಿನ ಗಂಟು ಸಾರ್! ನಾಲಿಗೆಯಿಂದ ಮುಟ್ಟಿ ನೋಡಿ. ಅಚ್ಚಿನಲ್ಲಿ ಅದಿಲ್ಲದಿದ್ರೆ ಸೆಟ್ಟು ಅಲ್ಲೇ ಒತ್ತುತ್ತೆ, ಊಟ ಮಾಡೋಕಾಗಲ್ಲ.”

ನಾಲಿಗೆ ಎತ್ತಿ ಮುಟ್ಟಿದರು. ಮುಖ ಅರಳಿತು. “ಹೌದಲ್ರೀ! ಹಂಗಿದ್ರ ಬಾಯಾಗಿನ ಇದನ್ನೂ ಒಂಚೂರು ತಿಕ್ಕಿಬಿಡ್ರಿ.”

ಅವರನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ, ಅಳತೆ ತೆಗೆಯುವ ಪೇಸ್ಟು ತುಂಬಿದ ಟ್ರೇಯನ್ನು ಅವರ ಬಾಯಿಗೆ ಒತ್ತಿ ಹಿಡಿದೆ. ಪೇಸ್ಟು ಗಟ್ಟಿಯಾಗುವವರೆಗೆ ಕ್ಲಿನಿಕ್ಕಿನಲ್ಲಿ ಏಸಿಯ ಸದ್ದು ಕೇಳಿಸಿತು. ದೇಸಾಯರಿದ್ದಾಗ ಅದು ಕೇಳಿಸಿದ್ದು ಅದೇ ಮೊದಲು.

ಹಲ್ಲಿಲ್ಲದೆಯೇ ಇಷ್ಟು ಮಾತಾಡುವ ಮನುಷ್ಯನಿಗೆ ಎರಡು ಸಾಲು ಹಲ್ಲು ಕಟ್ಟಿಕೊಡಲು ಹೊರಟವಳು ನಾನೇ ಎಂಬುದು ಆಗ ಹೊಳೆಯಿತು.